ಗೋದಾವರಿ: ಒಂದು ಹೆಸರು, ಮೂರು ನೌಕೆಗಳು



ಕನ್ನಡ ನಾಡು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿತ್ತು? ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಈ ಪ್ರಶ್ನೆಗೆ ಎರಡು ನದಿಗಳ ಹೆಸರು ಹೇಳಿ ಉತ್ತರ ಕೊಡುತ್ತದೆ. ಒಂದು ಕಾವೇರಿ, ಇನ್ನೊಂದು ಗೋದಾವರಿ. ಕಾವೇರಿಯ ಬಗ್ಗೆ ನಮ್ಮ ಮಕ್ಕಳಿಗೆ ಹೆಚ್ಚು ಹೇಳಬೇಕಾಗಿಲ್ಲ. ಕೊಡಗಿನ ತಲಕಾವೇರಿಯನ್ನು ರಜೆಯಲ್ಲಿ ನೋಡಿ ಬಂದವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಗೋದಾವರಿ ಮಾತ್ರ ಸ್ವಲ್ಪ ದೂರದ ನೆಂಟಳು. ಮಹಾರಾಷ್ಟ್ರದ ನಾಸಿಕದ ಬಳಿ ತ್ರ್ಯಂಬಕೇಶ್ವರದಲ್ಲಿ ಹುಟ್ಟಿ, ಸುಮಾರು 1,465 ಕಿಲೋಮೀಟರ್ ಹರಿದು, ತೆಲಂಗಾಣ ಮತ್ತು ಆಂಧ್ರಪ್ರದೇಶಗಳನ್ನು ದಾಟಿ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಇಂದಿನ ಕರ್ನಾಟಕದಲ್ಲಿ ಅವಳ ಮುಖ್ಯ ಹರಿವು ಇಲ್ಲ. ಆದರೆ ಬೀದರ್ ಜಿಲ್ಲೆಯಲ್ಲಿ ಹರಿಯುವ ಮಾಂಜ್ರಾ ನದಿ ಅವಳ ಉಪನದಿಯೇ. ಆದ್ದರಿಂದ ಬೀದರಿನವರು ಗೋದಾವರಿಯನ್ನು ನಮ್ಮವಳು ಎಂದು ಹೇಳಿದರೆ ತಪ್ಪಿಲ್ಲ.

ಈ ಪಾಠದಲ್ಲಿ ನಾವು ಗೋದಾವರಿಯ ನೀರಿನ ಕಥೆ ಹೇಳುತ್ತಿಲ್ಲ, ಅವಳ ಹೆಸರಿನ ಕಥೆ ಹೇಳುತ್ತಿದ್ದೇವೆ. ಈ ಹೆಸರನ್ನು ಹೊತ್ತು ಮೂರು ಯುದ್ಧನೌಕೆಗಳು ಒಂದರ ನಂತರ ಒಂದರಂತೆ ಸಮುದ್ರದಲ್ಲಿ ಸಂಚರಿಸಿದವು. ಮೂರೂ ಬೇರೆ ಬೇರೆ ಕಬ್ಬಿಣ, ಬೇರೆ ಬೇರೆ ಕಾಲ, ಬೇರೆ ಬೇರೆ ನಾವಿಕರು. ಹೆಸರು ಮಾತ್ರ ಒಂದೇ. ನಮ್ಮ ಮನೆಗಳಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಇದೆಯಲ್ಲವೇ? ನೌಕಾಪಡೆಯಲ್ಲೂ ಅಂಥದೇ ಒಂದು ಪದ್ಧತಿ ಇದೆ. ಹಾಗೆ ಇಟ್ಟ ಹೆಸರು ತನ್ನ ಜೊತೆ ಏನನ್ನು ತರುತ್ತದೆ ಎಂಬುದನ್ನು ಈ ಮೂರು ನೌಕೆಗಳಿಂದ ತಿಳಿದುಕೊಳ್ಳೋಣ.

ನೌಕೆಗೆ ನದಿಯ ಹೆಸರೇಕೆ?

ನೌಕಾಪಡೆಗಳು ಹಡಗುಗಳಿಗೆ ಮನಬಂದಂತೆ ಹೆಸರಿಡುವುದಿಲ್ಲ. ಒಂದೊಂದು ಬಗೆಯ ಹಡಗಿಗೆ ಒಂದೊಂದು ಗುಂಪಿನ ಹೆಸರು ಇಡುವುದು ವಾಡಿಕೆ. ಭಾರತೀಯ ನೌಕಾಪಡೆಯಲ್ಲಿ ದೊಡ್ಡ ಡೆಸ್ಟ್ರಾಯರ್‌ಗಳಿಗೆ ನಗರಗಳ ಹೆಸರು ಇಟ್ಟಿದ್ದಾರೆ. ದೆಹಲಿ, ಕೋಲ್ಕತ್ತ, ಮೈಸೂರು ಇದಕ್ಕೆ ಉದಾಹರಣೆಗಳು. ಫ್ರಿಗೇಟ್ ಎಂಬ ಮಧ್ಯಮ ಗಾತ್ರದ ಯುದ್ಧನೌಕೆಗಳಿಗೆ ಬೆಟ್ಟಗಳ, ಆಯುಧಗಳ ಅಥವಾ ನದಿಗಳ ಹೆಸರು ಬಂದಿದೆ. ಗಂಗಾ, ಗೋಮತಿ, ಬ್ರಹ್ಮಪುತ್ರ, ಬಿಯಾಸ್, ಬೇತ್ವಾ ಇವೆಲ್ಲ ನದಿಗಳು; ಇವೆಲ್ಲ ನೌಕೆಗಳೂ ಹೌದು.

ನದಿಯ ಹೆಸರಿಡುವ ಪದ್ಧತಿ ಭಾರತದ್ದು ಮಾತ್ರವಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಕಟ್ಟಿಸಿದ ಒಂದು ಇಡೀ ವರ್ಗದ ಫ್ರಿಗೇಟ್‌ಗಳಿಗೆ 'ನದಿ ವರ್ಗ' ಎಂದೇ ಹೆಸರಿತ್ತು. ಆಸ್ಟ್ರೇಲಿಯಾದ ನೌಕಾಪಡೆಯಲ್ಲಿ ಮೆಲ್ಬರ್ನ್ ನಗರದ ಯಾರಾ ನದಿಯ ಹೆಸರನ್ನು ನಾಲ್ಕು ನೌಕೆಗಳು ಹೊತ್ತಿವೆ. ಹಳೆಯ ಹಡಗು ಸೇವೆಯಿಂದ ನಿವೃತ್ತವಾದ ಮೇಲೆ ಅದರ ಹೆಸರನ್ನು ಹೊಸ ಹಡಗಿಗೆ ಕೊಡುತ್ತಾರೆ. ಹಳೆಯ ಹಡಗಿನವರು ಮಾಡಿದ ಕೆಲಸದ ನೆನಪು ಹೊಸ ಹಡಗಿನವರಿಗೆ ದಾರಿ ತೋರಲಿ ಎಂಬುದು ಅದರ ಉದ್ದೇಶ.

ಮೊದಲ ಗೋದಾವರಿ: ಶಬ್ದದಿಂದ ಬೇಟೆ

ಮೊದಲ ಗೋದಾವರಿ ಹುಟ್ಟಿದ್ದು ಭಾರತದಲ್ಲಲ್ಲ, ಇಂಗ್ಲೆಂಡಿನ ಸೌತಾಂಪ್ಟನ್ ಬಳಿಯ ಥಾರ್ನಿಕ್ರಾಫ್ಟ್ ಹಡಗುಕಟ್ಟೆಯಲ್ಲಿ. ಅದು ಸೇವೆಗೆ ಸೇರಿದ್ದು 1943ರಲ್ಲಿ. ಆಗ ಭಾರತ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ನೌಕಾಪಡೆಯನ್ನು ರಾಯಲ್ ಇಂಡಿಯನ್ ನೇವಿ ಎಂದು ಕರೆಯುತ್ತಿದ್ದರು. ಹಾಗಾಗಿ ನೌಕೆಯ ಪೂರ್ಣ ಹೆಸರು ಎಚ್.ಎಂ.ಐ.ಎಸ್. ಗೋದಾವರಿ. ಅದೇ ಬಗೆಯ ಇನ್ನೂ ಐದು ನೌಕೆಗಳನ್ನು ಭಾರತಕ್ಕಾಗಿ ಬ್ರಿಟನ್ನಿನಲ್ಲಿ ಕಟ್ಟಿದ್ದರು: ಸಟ್ಲೆಜ್, ಜಮ್ನಾ, ನರ್ಬದಾ, ಕಿಸ್ತ್ನಾ ಮತ್ತು ಕಾವೇರಿ. ಆರೂ ನದಿಗಳೇ! ಕವಿರಾಜಮಾರ್ಗ ಹೇಳಿದ ಎರಡೂ ನದಿಗಳು ಹೀಗೆ ಒಂದೇ ಕುಟುಂಬದ ಅಕ್ಕತಂಗಿಯರಾಗಿ ಸಮುದ್ರಕ್ಕಿಳಿದವು.

ಈ ನೌಕೆಗಳನ್ನು ಸ್ಲೂಪ್ ಎಂದು ಕರೆಯುತ್ತಿದ್ದರು. ಸುಮಾರು 1,300 ಟನ್ ತೂಕದ, ತೊಂಬತ್ತು ಮೀಟರ್ ಉದ್ದದ ಚಿಕ್ಕ ಯುದ್ಧನೌಕೆಗಳು. ಸರಕು ಹಡಗುಗಳ ಸಾಲಿಗೆ ಬೆಂಗಾವಲಾಗಿ ಹೋಗುವುದು, ನೀರಿನ ಅಡಿಯಲ್ಲಿ ಅಡಗಿ ಬರುವ ಶತ್ರುವಿನ ಜಲಾಂತರ್ಗಾಮಿಗಳನ್ನು ಹುಡುಕುವುದು ಇವುಗಳ ಕೆಲಸ.

ಕಣ್ಣಿಗೆ ಕಾಣದ ಜಲಾಂತರ್ಗಾಮಿಯನ್ನು ಹುಡುಕುವುದು ಹೇಗೆ? ವಿಜ್ಞಾನದ ಪಾಠದಲ್ಲಿ ನೀವು ಪ್ರತಿಧ್ವನಿಯ ಬಗ್ಗೆ ಓದಿದ್ದೀರಿ. ನೌಕೆಯ ತಳದಲ್ಲಿರುವ ಉಪಕರಣ ನೀರಿನೊಳಗೆ ಒಂದು ಶಬ್ದದ ಮಿಡಿತವನ್ನು ಕಳುಹಿಸುತ್ತದೆ. ಆ ಶಬ್ದ ಲೋಹದ ಗೋಡೆಗೆ ಬಡಿದು ಹಿಂದಿರುಗುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಪ್ರತಿಧ್ವನಿ ಬರಲು ಎರಡು ಸೆಕೆಂಡು ಹಿಡಿದರೆ, ಹೋಗಲು ಒಂದು ಸೆಕೆಂಡು, ಬರಲು ಒಂದು ಸೆಕೆಂಡು. ಅಂದರೆ ಜಲಾಂತರ್ಗಾಮಿ 1,500 ಮೀಟರ್ ದೂರದಲ್ಲಿದೆ ಎಂದಾಯಿತು. ಇಂದು ನಾವು ಇದನ್ನು ಸೋನಾರ್ ಎನ್ನುತ್ತೇವೆ. ಶತ್ರುವಿನ ಜಾಗ ತಿಳಿದ ಮೇಲೆ ಸ್ಫೋಟಕ ತುಂಬಿದ ಪೀಪಾಯಿಗಳನ್ನು ನೀರಿಗೆ ಉರುಳಿಸುತ್ತಿದ್ದರು. ಆಳ ಹೆಚ್ಚಿದಂತೆ ನೀರಿನ ಒತ್ತಡವೂ ಹೆಚ್ಚುತ್ತದೆ. ಮೊದಲೇ ಗೊತ್ತುಮಾಡಿದ ಆಳ ತಲುಪಿದಾಗ ಆ ಒತ್ತಡದಿಂದಲೇ ಪೀಪಾಯಿ ಸಿಡಿಯುತ್ತಿತ್ತು.

1944ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಯು-198 ಎಂಬ ಜಲಾಂತರ್ಗಾಮಿ ಹಿಂದೂ ಮಹಾಸಾಗರದಲ್ಲಿ ಸರಕು ಹಡಗುಗಳನ್ನು ಮುಳುಗಿಸುತ್ತಿತ್ತು. ವಿಮಾನಗಳು ಅದನ್ನು ಗುರುತಿಸಿದವು; ನೌಕೆಗಳು ಬೆನ್ನಟ್ಟಿದವು. ಆಗಸ್ಟ್ 12ರಂದು ಸೇಶೆಲ್ಸ್ ದ್ವೀಪಗಳ ಬಳಿ ಬ್ರಿಟನ್ನಿನ ಫಿಂಡ್‌ಹಾರ್ನ್ ಮತ್ತು ಭಾರತದ ಗೋದಾವರಿ ಸೇರಿ ಅದನ್ನು ಮುಳುಗಿಸಿದವು. ಫಿಂಡ್‌ಹಾರ್ನ್ ಎಂಬುದು ಸ್ಕಾಟ್ಲೆಂಡಿನ ಒಂದು ನದಿ. ದಖ್ಖನಿನ ಒಂದು ನದಿ, ಸ್ಕಾಟ್ಲೆಂಡಿನ ಒಂದು ನದಿ ಆ ದಿನ ಒಂದೇ ಸಾಗರದಲ್ಲಿ ಜೊತೆಯಾದವು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಯು-198ರಲ್ಲಿದ್ದ 66 ಮಂದಿಯೂ ಸತ್ತರು. ಒಬ್ಬರೂ ಉಳಿಯಲಿಲ್ಲ. ಅವರು ಶತ್ರುಗಳು ನಿಜ; ಅವರಿಂದ ಅನೇಕ ನಿರಾಯುಧ ನಾವಿಕರ ಜೀವ ಹೋಗುತ್ತಿತ್ತು, ಆ ಸಾವುಗಳು ತಪ್ಪಿದವು ಎಂಬುದೂ ನಿಜ. ಆದರೂ ಯುದ್ಧನೌಕೆಯ ಗೆಲುವೆಂದರೆ ಆಟದ ಗೆಲುವಲ್ಲ. ಒಂದು ಹೆಸರನ್ನು ನೆನೆಯುವಾಗ ಅದರ ಭಾರವನ್ನೂ ನೆನೆಯಬೇಕು.

ಹೆಸರು ಕಳೆದುಕೊಂಡ ನೌಕೆ

1947ರಲ್ಲಿ ಭಾರತ ಸ್ವತಂತ್ರವಾಯಿತು, ದೇಶ ಎರಡಾಯಿತು. ಮನೆ ಪಾಲಾಗುವಾಗ ಹೊಲ, ಗದ್ದೆ, ಪಾತ್ರೆಗಳೂ ಪಾಲಾಗುವಂತೆ ನೌಕಾಪಡೆಯೂ ಪಾಲಾಯಿತು. ಆರು ನದಿಗಳ ಪೈಕಿ ನಾಲ್ಕು ಭಾರತಕ್ಕೆ ಬಂದವು: ಸಟ್ಲೆಜ್, ಜಮ್ನಾ, ಕಿಸ್ತ್ನಾ, ಕಾವೇರಿ. ಎರಡು ಪಾಕಿಸ್ತಾನಕ್ಕೆ ಹೋದವು: ನರ್ಬದಾ ಮತ್ತು ಗೋದಾವರಿ.

ಈಗ ಯೋಚಿಸಿ ಮಕ್ಕಳೇ. ನರ್ಮದೆ, ಗೋದಾವರಿ ಎರಡೂ ಹರಿಯುವುದು ಭಾರತದಲ್ಲಿ. ಪಾಕಿಸ್ತಾನದ ನೌಕೆಗಳಿಗೆ ಆ ಹೆಸರು ಹೊಂದುವುದೇ? ಹೊಂದಲಿಲ್ಲ. ನರ್ಬದಾ ನೌಕೆಗೆ ಝೇಲಮ್ ಎಂದು ಹೊಸ ಹೆಸರಿಟ್ಟರು. ಗೋದಾವರಿ ಸಿಂಧ್ ಎಂದಾಯಿತು. ಝೇಲಮ್ ಒಂದು ನದಿ. ಸಿಂಧ್ ಎಂಬುದು ಸಿಂಧೂ ನದಿಯಿಂದಲೇ ಹೆಸರು ಪಡೆದ ಪ್ರಾಂತ್ಯ. ಅದೇ ಕಬ್ಬಿಣ, ಅದೇ ಯಂತ್ರ, ಅದೇ ಫಿರಂಗಿ. ಹೆಸರು ಮಾತ್ರ ಬೇರೆ. ಅವುಗಳಲ್ಲಿ ಕೆಲಸ ಮಾಡಿದ್ದ ನಾವಿಕರು ಕೂಡ ಯಾವ ದೇಶದ ಕಡೆಗೆ ಹೋಗಬೇಕೆಂದು ತೀರ್ಮಾನಿಸಬೇಕಾಯಿತು. ಯುದ್ಧಕಾಲದಲ್ಲಿ ಹೆಗಲಿಗೆ ಹೆಗಲು ಕೊಟ್ಟು ದುಡಿದವರು ಬೇರೆ ಬೇರೆ ಧ್ವಜಗಳ ಕೆಳಗೆ ನಿಂತರು.

ನೌಕೆ ಹೋಯಿತು. ಆದರೆ ಹೆಸರು ಭಾರತದಲ್ಲೇ ಉಳಿಯಿತು. ಅದಕ್ಕೆ ಒಂದು ಹೊಸ ಹಡಗು ಬೇಕಾಗಿತ್ತು.

ಎರಡನೆಯ ಗೋದಾವರಿ: ಮೂರು ಹೆಸರಿನ ಹಡಗು

ಮೊದಲ ನೌಕೆಯ ಕಥೆಯಲ್ಲಿ ಒಂದು ಹಡಗಿಗೆ ಎರಡು ಹೆಸರಾದವು. ಎರಡನೆಯದರ ಕಥೆಯಲ್ಲಿ ಒಂದೇ ಹಡಗಿಗೆ ಮೂರು ಹೆಸರು, ಮೂರು ದೇಶ.

1941ರಲ್ಲಿ ಇಂಗ್ಲೆಂಡಿನಲ್ಲಿ ನೀರಿಗಿಳಿದಾಗ ಅದರ ಹೆಸರು ಬೆಡೇಲ್. ಬ್ರಿಟಿಷರು ಅದನ್ನು ತಮ್ಮಲ್ಲಿ ಇಟ್ಟುಕೊಳ್ಳದೆ 1942ರಲ್ಲಿ ಪೋಲೆಂಡಿನ ನಾವಿಕರಿಗೆ ಕೊಟ್ಟರು. ಪೋಲೆಂಡ್ ದೇಶವನ್ನು 1939ರಲ್ಲೇ ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಆಕ್ರಮಿಸಿದ್ದವು. ತಾಯ್ನಾಡು ಕಳೆದುಕೊಂಡ ಪೋಲಿಷ್ ನಾವಿಕರು ಬ್ರಿಟನ್ನಿನಿಂದಲೇ ಹೋರಾಡುತ್ತಿದ್ದರು. ಅವರು ಆ ಹಡಗಿಗೆ ತಮ್ಮ ಭಾಷೆಯಲ್ಲಿ ಶ್ಲೋನ್ಝಾಕ್ ಎಂದು ಹೆಸರಿಟ್ಟರು. ಪೋಲೆಂಡಿನ ಸೈಲೀಸಿಯಾ ಪ್ರದೇಶದವನು ಎಂದು ಅದರ ಅರ್ಥ. ಪರದೇಶದ ಬಂದರಿನಲ್ಲಿದ್ದುಕೊಂಡು ಊರಿನ ಹೆಸರನ್ನು ಹಡಗಿನ ಮೇಲೆ ಬರೆದುಕೊಂಡವರ ಮನಸ್ಸು ಹೇಗಿತ್ತು ಎಂಬುದನ್ನು ಊರು ಬಿಟ್ಟು ಬಂದ ನಾವು ಸ್ವಲ್ಪಮಟ್ಟಿಗಾದರೂ ಊಹಿಸಬಲ್ಲೆವು. ನಮಗೆ ರಜೆಯಲ್ಲಿ ಊರಿಗೆ ಹೋಗುವ ಅವಕಾಶವಿದೆ. ಅವರಿಗೆ ಅದೂ ಇರಲಿಲ್ಲ.

1942ರ ಆಗಸ್ಟ್ 19ರಂದು ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ನಡೆದ ದಾಳಿಯಲ್ಲಿ ಈ ಹಡಗು ಇತ್ತು. ದಾಳಿ ವಿಫಲವಾಯಿತು, ಕೆನಡಾದ ಸೈನಿಕರು ಬಹಳ ದೊಡ್ಡ ಸಂಖ್ಯೆಯಲ್ಲಿ ಪ್ರಾಣ ತೆತ್ತರು, ಸೆರೆಯಾದರು. ಆ ಗೊಂದಲದ ನಡುವೆ ಪೋಲಿಷ್ ನಾವಿಕರು ಅನೇಕ ಸೈನಿಕರನ್ನು ನೀರಿನಿಂದ ಎತ್ತಿಕೊಂಡರು. 1944ರ ಜೂನ್‌ನಲ್ಲಿ ನಾರ್ಮಂಡಿ ತೀರದ ಮಹಾದಾಳಿಯಲ್ಲೂ ಹಡಗು ಪಾಲ್ಗೊಂಡಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಬ್ರಿಟನ್ನಿಗೆ ಮರಳಿತು. ಮತ್ತೆ ಬೆಡೇಲ್ ಆಯಿತು.

1950ರ ಜನವರಿ 26ರಂದು ಭಾರತ ಗಣರಾಜ್ಯವಾದಾಗ ನೌಕೆಗಳ ಹೆಸರಿನ ಮುಂದೆ ಐ.ಎನ್.ಎಸ್. ಎಂಬ ಅಕ್ಷರಗಳು ಬಂದವು. ಹೊಸ ದೇಶಕ್ಕೆ ಹೊಸ ಹಡಗು ಕಟ್ಟುವ ಶಕ್ತಿ ಇನ್ನೂ ಇರಲಿಲ್ಲ. ಆದ್ದರಿಂದ ಒಂದೇ ಬಗೆಯ ಮೂರು ಹಳೆಯ ಬ್ರಿಟಿಷ್ ಹಡಗುಗಳನ್ನು ಮೊದಲು ಎರವಲಾಗಿ ಪಡೆದರು. ಬೆಡೇಲ್ 1953ರಲ್ಲಿ ಐ.ಎನ್.ಎಸ್. ಗೋದಾವರಿ ಆಯಿತು. ಲ್ಯಾಮರ್ಟನ್ ಎಂಬ ಹಡಗು ಗೋಮತಿ ಆಯಿತು. ಚಿಡಿಂಗ್‌ಫೋಲ್ಡ್ ಎಂಬುದು ಗಂಗಾ ಆಯಿತು. ಗಂಗಾ, ಗೋಮತಿ, ಗೋದಾವರಿ: ಈ ಮೂರು ಹೆಸರುಗಳನ್ನು ಒಟ್ಟಿಗೇ ನೆನಪಿಡಿ, ಮುಂದೆ ಮತ್ತೆ ಬರುತ್ತವೆ.

ಎರಡನೆಯ ಗೋದಾವರಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಭಾರತದ ಸೇವೆ ಮಾಡಿತು. 1976ರ ಮಾರ್ಚ್‌ನಲ್ಲಿ ಮಾಲ್ಡೀವ್ಸ್ ದ್ವೀಪಗಳ ಬಳಿ ಅದರ ತಳ ನೆಲಕ್ಕೆ ತಗುಲಿ ತುಂಬಾ ಹಾನಿಯಾಯಿತು. ಮಾಲ್ಡೀವ್ಸ್ ಎಂದರೆ ಸಾವಿರಕ್ಕೂ ಹೆಚ್ಚು ಹವಳದ ದ್ವೀಪಗಳ ಸರಮಾಲೆ; ನೀರಿನ ಅಡಿಯ ಹವಳದ ದಿಬ್ಬಗಳು ದೊಡ್ಡ ಹಡಗುಗಳಿಗೆ ಅಪಾಯಕಾರಿ. ವಯಸ್ಸಾಗಿದ್ದ ಆ ಹಡಗನ್ನು 1979ರಲ್ಲಿ ಒಡೆದುಹಾಕಿದರು. ಮಾಲ್ಡೀವ್ಸ್ ಎಂಬ ಹೆಸರನ್ನೂ ನೆನಪಿಡಿ.

ತಂಗಿ ಕಾವೇರಿಯ ಒಂದು ದಿನ

ಗೋದಾವರಿಯ ಕಥೆಯ ನಡುವೆ ಕನ್ನಡಿಗರಾದ ನಾವು ಕಾವೇರಿಯನ್ನು ಮರೆಯುವಂತಿಲ್ಲ. ಪಾಲಿನಲ್ಲಿ ಭಾರತಕ್ಕೆ ಬಂದ ಆ ಸ್ಲೂಪ್ 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಭಾಗವಹಿಸಿತು. ಮರ್ಮಗೋವಾ ಬಂದರಿನಲ್ಲಿದ್ದ ಪೋರ್ಚುಗೀಸರ 'ಅಫೋನ್ಸೊ ದ ಆಲ್ಬುಕರ್ಕ್' ಎಂಬ ಯುದ್ಧನೌಕೆಯನ್ನು ಎದುರಿಸಿದ ಭಾರತೀಯ ನೌಕೆಗಳು ಬೇತ್ವಾ, ಬಿಯಾಸ್ ಮತ್ತು ಕಾವೇರಿ. ಮೂರೂ ನದಿಗಳೇ. ಪೆಟ್ಟು ತಿಂದ ಪೋರ್ಚುಗೀಸ್ ನೌಕೆಯನ್ನು ಅದರ ನಾವಿಕರು ದಡಕ್ಕೆ ಹತ್ತಿಸಿ ಬಿಟ್ಟರು. ಅದೇ ಹೊತ್ತಿಗೆ ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ ಐ.ಎನ್.ಎಸ್. ಮೈಸೂರು ಮತ್ತು ತ್ರಿಶೂಲ್ ನೌಕೆಗಳಿಂದ ಇಳಿದ ನಾವಿಕರು ಹೋರಾಡಿದರು. ಅಲ್ಲಿ ಏಳು ಮಂದಿ ಭಾರತೀಯ ನಾವಿಕರು ಪ್ರಾಣ ಕೊಟ್ಟರು.

ಬ್ರಿಟಿಷರು ಈ ಹೆಸರುಗಳನ್ನು ತಮ್ಮ ನಾಲಿಗೆಗೆ ತಕ್ಕಂತೆ ಬರೆದಿದ್ದರು. ಕೃಷ್ಣೆಯು 'ಕಿಸ್ತ್ನಾ' ಆಗಿದ್ದಳು, ಯಮುನೆ 'ಜಮ್ನಾ' ಆಗಿದ್ದಳು. ಕಾವೇರಿಯ ಇಂಗ್ಲಿಷ್ ಕಾಗುಣಿತವೂ ಬೇರೆಯಾಗಿತ್ತು. 1960ರ ದಶಕದ ಕೊನೆಯಲ್ಲಿ ನೌಕಾಪಡೆ ಕಿಸ್ತ್ನಾವನ್ನು ಕೃಷ್ಣಾ ಎಂದು ತಿದ್ದಿತು. ಕಾವೇರಿಯ ಕಾಗುಣಿತವನ್ನೂ ಸರಿಪಡಿಸಿತು. ಪರದೇಶದಲ್ಲಿ ನಮ್ಮ ಮಕ್ಕಳ ಹೆಸರನ್ನೂ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ, ಕರೆಯುತ್ತಾರೆ. ಬೇಸರಪಡಬೇಡಿ, ನಗುನಗುತ್ತಲೇ ತಿದ್ದಿ ಹೇಳಿ. ಒಂದು ಯುದ್ಧನೌಕೆಯ ಹೆಸರನ್ನು ಇಪ್ಪತ್ತು ವರ್ಷಗಳ ನಂತರವೂ ತಿದ್ದಬಹುದಾದರೆ, ನಿಮ್ಮದನ್ನು ತಿದ್ದಲು ಎಂದೂ ತಡವಾಗುವುದಿಲ್ಲ.

ಮೂರನೆಯ ಗೋದಾವರಿ: ನಮ್ಮದೇ ಹಡಗು

ಮೊದಲ ಎರಡು ಗೋದಾವರಿಗಳನ್ನು ಕಟ್ಟಿದ್ದು ಬ್ರಿಟನ್ನಿನಲ್ಲಿ. ಮೂರನೆಯದು ಹುಟ್ಟಿದ್ದು ಮುಂಬಯಿಯ ಮಝಗಾಂವ್ ಹಡಗುಕಟ್ಟೆಯಲ್ಲಿ. ಅದಕ್ಕೂ ಮೊದಲು ಅಲ್ಲಿ ಬ್ರಿಟಿಷ್ ನಕ್ಷೆಯ ಪ್ರಕಾರ ಫ್ರಿಗೇಟ್‌ಗಳನ್ನು ಕಟ್ಟಿದ್ದರು. ಅವುಗಳಲ್ಲಿ ಮೊದಲನೆಯದಾದ ನೀಲಗಿರಿ 1972ರಲ್ಲಿ ಸೇವೆಗೆ ಸೇರಿತ್ತು. ಆ ಅನುಭವದ ಬಲದಿಂದ ಭಾರತೀಯ ನೌಕಾಪಡೆಯ ವಿನ್ಯಾಸಕಾರರು ಮುಂದಿನ ಹೆಜ್ಜೆ ಇಟ್ಟರು. ಮೊದಲು ನೋಡಿ ಬರೆದರು, ಆಮೇಲೆ ಸ್ವಂತವಾಗಿ ಬರೆದರು. ಕಾಪಿ ಪುಸ್ತಕದಲ್ಲಿ ಅಕ್ಷರ ತಿದ್ದಿದ ಮಗು ಮುಂದೆ ತನ್ನದೇ ಪ್ರಬಂಧ ಬರೆದಂತೆ.

ಕೆಲಸ ಸುಲಭವಾಗಿರಲಿಲ್ಲ. ಹಳೆಯ ನಕ್ಷೆಯ ಹಡಗಿನಲ್ಲಿ ಒಂದು ಹೆಲಿಕಾಪ್ಟರಿಗೆ ಮಾತ್ರ ಜಾಗವಿತ್ತು. ಹೊಸದರಲ್ಲಿ ಸೀ ಕಿಂಗ್ ಎಂಬ ದೊಡ್ಡ ಹೆಲಿಕಾಪ್ಟರುಗಳು ಎರಡು ಇರಬೇಕಿತ್ತು. ಸೋವಿಯತ್ ಒಕ್ಕೂಟದ ಕ್ಷಿಪಣಿ, ಪಶ್ಚಿಮ ದೇಶಗಳ ಉಪಕರಣ, ಭಾರತದ ಉಪಕರಣ ಎಲ್ಲವನ್ನೂ ಒಂದೇ ಹಡಗಿನಲ್ಲಿ ಹೊಂದಿಸಬೇಕಿತ್ತು. ಒಂದರ ಅಳತೆ, ವಿದ್ಯುತ್ತು, ತಂತಿ ಇನ್ನೊಂದಕ್ಕೆ ಹೊಂದುವುದಿಲ್ಲ. ಅವುಗಳಿಗೆ ಪರಸ್ಪರ ಮಾತನಾಡಲು ಕಲಿಸುವುದೇ ದೊಡ್ಡ ಸವಾಲು. ನಮ್ಮ ಶಾಲೆಯಲ್ಲಿ ಹಲವು ಭಾಷೆಗಳ ಮಕ್ಕಳು ಒಂದೇ ತರಗತಿಯಲ್ಲಿ ಕಲಿಯುವುದನ್ನು ನೋಡುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ!

ಐ.ಎನ್.ಎಸ್. ಗೋದಾವರಿ 1983ರ ಡಿಸೆಂಬರ್ 10ರಂದು ಸೇವೆಗೆ ಸೇರಿತು. ಉದ್ದ ಸುಮಾರು 126 ಮೀಟರ್. ಪೂರ್ಣ ಭಾರದಲ್ಲಿ ತೂಕ 3,600 ಟನ್ನಿಗೂ ಹೆಚ್ಚು. ಅಂದರೆ ಮೊದಲ ಗೋದಾವರಿಯ ಎರಡೂವರೆ ಪಟ್ಟಿಗಿಂತಲೂ ದೊಡ್ಡದು. ಅದರ ಹಿಂದೆಯೇ 1985ರಲ್ಲಿ ಗಂಗಾ, 1988ರಲ್ಲಿ ಗೋಮತಿ ಬಂದವು. ಎರವಲಿನ ಹಡಗುಗಳು ಹೊತ್ತಿದ್ದ ಆ ಮೂರು ಹೆಸರುಗಳೂ ಈಗ ನಾವೇ ಕಟ್ಟಿದ ಹಡಗುಗಳಿಗೆ ಬಂದವು. 1986ರಲ್ಲಿ ಅಮೆರಿಕದ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಶತಮಾನೋತ್ಸವಕ್ಕೆ ಅನೇಕ ದೇಶಗಳ ನೌಕೆಗಳು ನ್ಯೂಯಾರ್ಕ್ ಬಂದರಿನಲ್ಲಿ ಸೇರಿದಾಗ ಭಾರತದ ಪರವಾಗಿ ಅಲ್ಲಿಗೆ ಹೋದದ್ದು ಇದೇ ಗೋದಾವರಿ.

ಮತ್ತೆ ಮಾಲ್ಡೀವ್ಸ್

1988ರ ನವೆಂಬರ್ 3ರಂದು ಕೂಲಿ ಸೈನಿಕರ ಒಂದು ಗುಂಪು ಮಾಲ್ಡೀವ್ಸ್ ರಾಜಧಾನಿ ಮಾಲೆಗೆ ನುಗ್ಗಿ ಸರ್ಕಾರವನ್ನು ಕಿತ್ತುಹಾಕಲು ಯತ್ನಿಸಿತು. ಅಧ್ಯಕ್ಷ ಮೌಮೂನ್ ಅಬ್ದುಲ್ ಗಯೂಮ್ ಅವರು ಭಾರತದ ಸಹಾಯ ಕೇಳಿದರು. ಅದೇ ರಾತ್ರಿ ಆಗ್ರಾದಿಂದ ಹಾರಿದ ವಿಮಾನಗಳಲ್ಲಿ ಭಾರತೀಯ ಸೈನಿಕರು ಮಾಲೆಯ ಪಕ್ಕದ ಹುಲುಲೆ ದ್ವೀಪದಲ್ಲಿ ಇಳಿದರು. ಸೋಲು ಖಚಿತವಾದಾಗ ಕೂಲಿ ಸೈನಿಕರು 'ಪ್ರೋಗ್ರೆಸ್ ಲೈಟ್' ಎಂಬ ಸರಕು ಹಡಗನ್ನು ವಶಪಡಿಸಿಕೊಂಡು, ಒತ್ತೆಯಾಳುಗಳನ್ನು ಹತ್ತಿಸಿಕೊಂಡು ಶ್ರೀಲಂಕಾದ ಕಡೆಗೆ ಹೊರಟರು. ಒತ್ತೆಯಾಳುಗಳಲ್ಲಿ ಮಾಲ್ಡೀವ್ಸ್‌ನ ಒಬ್ಬ ಮಂತ್ರಿಯೂ ಇದ್ದರು.

ಅದನ್ನು ಬೆನ್ನಟ್ಟಿದ ನೌಕೆಗಳು ಎರಡು: ಗೋದಾವರಿ ಮತ್ತು ಬೇತ್ವಾ. ಈ ಬೇತ್ವಾ ಗೋವಾದಲ್ಲಿ ಹೋರಾಡಿದ ಅದೇ ಹಳೆಯ ನೌಕೆ. ಮಾತುಕತೆಗೆ ಬಂದವರನ್ನು ಗೋದಾವರಿಯ ಹೆಲಿಕಾಪ್ಟರ್ ಕೊಲಂಬೊದಿಂದ ಕರೆತಂದಿತು. ಕೂಲಿ ಸೈನಿಕರು ಮಾತಿಗೆ ಬಗ್ಗಲಿಲ್ಲ, ಹಡಗು ನಿಲ್ಲಿಸಲಿಲ್ಲ. ನೇರವಾಗಿ ಗುಂಡು ಹಾರಿಸಿದರೆ ಒಳಗಿರುವ ಅಮಾಯಕರಿಗೇ ತಗುಲಬಹುದು. ಬಿಟ್ಟುಬಿಟ್ಟರೆ ಅವರು ಒತ್ತೆಯಾಳುಗಳೊಂದಿಗೆ ತಪ್ಪಿಸಿಕೊಳ್ಳುತ್ತಾರೆ. ಎಂಥ ಕಷ್ಟದ ತೀರ್ಮಾನ ಎಂದು ಯೋಚಿಸಿ! ನವೆಂಬರ್ 6ರಂದು ಎಚ್ಚರಿಕೆ ಕೊಟ್ಟು ಗುಂಡು ಹಾರಿಸಿ ಹಡಗನ್ನು ನಿಲ್ಲಿಸಿದರು. ಭಾರತೀಯ ನಾವಿಕರು ಹಡಗನ್ನು ಹತ್ತಿ ಕೂಲಿ ಸೈನಿಕರನ್ನು ಸೆರೆಹಿಡಿದರು, ಒತ್ತೆಯಾಳುಗಳನ್ನು ಬಿಡಿಸಿದರು. ಕೆಲವು ಒತ್ತೆಯಾಳುಗಳು ಮಾತ್ರ ಬದುಕಿ ಬರಲಿಲ್ಲ ಎಂಬುದು ದುಃಖದ ಸಂಗತಿ.

ಹನ್ನೆರಡು ವರ್ಷಗಳ ಹಿಂದೆ ಎರಡನೆಯ ಗೋದಾವರಿಗೆ ಆಪತ್ತು ಬಂದದ್ದು ಮಾಲ್ಡೀವ್ಸ್ ನೀರಿನಲ್ಲಿ. ಮಾಲ್ಡೀವ್ಸ್ ಆಪತ್ತಿನಲ್ಲಿದ್ದಾಗ ನೆರವಿಗೆ ಬಂದದ್ದು ಮೂರನೆಯ ಗೋದಾವರಿ. ಇದನ್ನು ಯಾರೂ ಯೋಜಿಸಿರಲಿಲ್ಲ. ಹಳೆಯ ಹೆಸರನ್ನು ಹೊಸ ಹಡಗಿಗೆ ಇಟ್ಟದ್ದರಿಂದಲೇ ಇಂದು ನಾವು ಆ ಎರಡು ಘಟನೆಗಳನ್ನು ಒಂದೇ ದಾರದಲ್ಲಿ ಪೋಣಿಸಿ ಹೇಳಲು ಸಾಧ್ಯವಾಗಿದೆ.

1994ರ ಡಿಸೆಂಬರ್‌ನಲ್ಲಿ ಸೊಮಾಲಿಯಾದಿಂದ ಭಾರತದ ಶಾಂತಿಪಾಲನಾ ಪಡೆ ಹಿಂದಿರುಗುವಾಗ ರಕ್ಷಣೆಗೆ ಹೋದ ನೌಕೆಗಳಲ್ಲಿ ಗಂಗಾ ಮತ್ತು ಗೋದಾವರಿ ಇದ್ದವು. ಒಟ್ಟು 32 ವರ್ಷಗಳ ಸೇವೆಯ ನಂತರ 2015ರ ಡಿಸೆಂಬರ್ 23ರಂದು ಮುಂಬಯಿಯಲ್ಲಿ ಗೋದಾವರಿಯ ಧ್ವಜವನ್ನು ಕೊನೆಯ ಬಾರಿ ಇಳಿಸಿದರು.

ಹೆಸರಿನ ಪಾಠ

ಗಂಗಾ 2018ರಲ್ಲಿ ನಿವೃತ್ತವಾಯಿತು, ಗೋಮತಿ 2022ರ ಮೇ 28ರಂದು. ಗೋಮತಿಯ ನೆನಪಿನ ವಸ್ತುಗಳನ್ನು ಲಖನೌ ನಗರದಲ್ಲಿ ಗೋಮತಿ ನದಿಯ ದಡದಲ್ಲಿ ಇಡಲು ನೌಕಾಪಡೆಯು ಉತ್ತರ ಪ್ರದೇಶ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ನದಿಯಿಂದ ಸಮುದ್ರಕ್ಕೆ ಹೋದ ಹೆಸರು ಸಮುದ್ರದಿಂದ ನದಿಗೆ ಮರಳುವುದೆಂದರೆ ಇದೇ. ದೂರದ ಪೋಲೆಂಡಿನಲ್ಲೂ ಶ್ಲೋನ್ಝಾಕ್ ಎಂಬ ಹೆಸರು ಬದುಕಿದೆ. 2019ರಲ್ಲಿ ಅಲ್ಲಿನ ನೌಕಾಪಡೆಗೆ ಆ ಹೆಸರಿನ ಹೊಸ ಹಡಗು ಸೇರಿತು.

ಮಕ್ಕಳೇ, ಹಡಗು ಕಬ್ಬಿಣ. ಅದು ತುಕ್ಕು ಹಿಡಿಯುತ್ತದೆ, ಪಾಲಾಗುತ್ತದೆ, ನೆಲ ಕಚ್ಚುತ್ತದೆ, ಒಡೆದುಹೋಗುತ್ತದೆ. ಹೆಸರು ಹಾಗಲ್ಲ. ಆದರೆ ಹೆಸರು ತಾನಾಗಿ ಉಳಿಯುವುದೂ ಇಲ್ಲ. ಯಾರೋ ಒಬ್ಬರು ಅದನ್ನು ನೆನಪಿಟ್ಟು ಮುಂದಿನವರಿಗೆ ಕೊಡಬೇಕು. ಮುಂದಿನವರು ಅದಕ್ಕೆ ತಕ್ಕ ಕೆಲಸ ಮಾಡಬೇಕು. ಮೊದಲ ಗೋದಾವರಿಯ ಕೀರ್ತಿಯಿಂದ ಮೂರನೆಯದು ಒಬ್ಬ ಒತ್ತೆಯಾಳನ್ನೂ ಬಿಡಿಸಲಾರದು. ಆ ಕೆಲಸವನ್ನು ಆ ದಿನ ಆ ಹಡಗಿನಲ್ಲಿದ್ದವರೇ ಮಾಡಬೇಕಾಯಿತು.

ನಮ್ಮಲ್ಲಿ ಅನೇಕ ಮಕ್ಕಳಿಗೆ ಅಜ್ಜ ಅಜ್ಜಿಯರ ಹೆಸರು, ಕುಲದೇವರ ಹೆಸರು, ನದಿಯ ಹೆಸರು ಇದೆ. ಕಾವೇರಿ, ತುಂಗಾ, ಶರಾವತಿ ಎಂಬ ಹೆಸರಿನವರು ಆ ನದಿಗಳಿಂದ ಸಾವಿರಾರು ಮೈಲಿ ದೂರದಲ್ಲಿ ಬೆಳೆಯುತ್ತಿದ್ದಾರೆ. ಪೋಷಕರೇ, ಹೆಸರಿಟ್ಟರೆ ಸಾಲದು. ಅದರ ಕಥೆಯನ್ನೂ ಮಕ್ಕಳಿಗೆ ಹೇಳೋಣ. ಆ ಅಜ್ಜಿ ಏನು ಕೆಲಸ ಮಾಡುತ್ತಿದ್ದರು, ಯಾವ ಕಷ್ಟ ದಾಟಿದರು, ಆ ನದಿ ಯಾವ ಊರುಗಳಿಗೆ ನೀರು ಕೊಡುತ್ತದೆ ಎಂದು ತಿಳಿದ ಮಗುವಿಗೆ ತನ್ನ ಹೆಸರು ಬರೀ ಹಾಜರಿ ಪುಸ್ತಕದ ಸಾಲಾಗಿ ಉಳಿಯುವುದಿಲ್ಲ.

ಅಭ್ಯಾಸ

1. ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಗಳಾಗಿ ಹೇಳುವ ಎರಡು ನದಿಗಳು ಯಾವುವು? ಅವುಗಳ ಹೆಸರಿನ ಎರಡು ನೌಕೆಗಳು 1947ರಲ್ಲಿ ಯಾವ ಯಾವ ದೇಶದ ಪಾಲಾದವು?

2. ಸೋನಾರ್ ಕಳುಹಿಸಿದ ಶಬ್ದದ ಪ್ರತಿಧ್ವನಿ 3 ಸೆಕೆಂಡುಗಳ ನಂತರ ಬಂದರೆ ಜಲಾಂತರ್ಗಾಮಿ ಎಷ್ಟು ದೂರದಲ್ಲಿದೆ? ಲೆಕ್ಕ ಮಾಡಿ.

3. ಬೆಡೇಲ್, ಶ್ಲೋನ್ಝಾಕ್, ಗೋದಾವರಿ: ಈ ಮೂರು ಹೆಸರುಗಳನ್ನು ಹೊತ್ತ ಹಡಗಿನ ಕಥೆಯನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.

4. 'ಪ್ರೋಗ್ರೆಸ್ ಲೈಟ್' ಹಡಗನ್ನು ಬೆನ್ನಟ್ಟಿದ ನೌಕೆಯ ಅಧಿಕಾರಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕಾರಣ ಸಹಿತ ಚರ್ಚಿಸಿ.

5. ಭಾರತದ ನಕ್ಷೆಯಲ್ಲಿ ಗೋದಾವರಿ, ಕಾವೇರಿ, ಕೃಷ್ಣಾ, ಗೋಮತಿ, ಬೇತ್ವಾ, ಬಿಯಾಸ್ ಮತ್ತು ಮಾಂಜ್ರಾ ನದಿಗಳನ್ನು ಗುರುತಿಸಿ.

6. ನಿಮಗೆ ಈ ಹೆಸರನ್ನು ಯಾರು, ಏಕೆ ಇಟ್ಟರು? ಊರಿನಲ್ಲಿರುವ ಹಿರಿಯರಿಗೆ ದೂರವಾಣಿ ಮಾಡಿ ಕೇಳಿ. ಅವರು ಹೇಳಿದ್ದನ್ನು ಕನ್ನಡದಲ್ಲಿ ಒಂದು ಪುಟ ಬರೆದು ತನ್ನಿ. ಅದನ್ನು ತರಗತಿಯಲ್ಲಿ ಎಲ್ಲರೂ ಸೇರಿ ಓದೋಣ.